ಎರಡು ದಾರಿಯ ಬೆಂಚು

ಜೂನ್ ೧೦

ಗೀಚೀ,

ನಿನ್ನ ಕಾಗದ ಬಂತು. ಹಾಳುಬಿದ್ದ ಇಟ್ಟಿಗೆ ಕಾರ್ಖಾನೆಯಂತೆ, ಆಳೆತ್ತರದ ಹುಲ್ಲಂತೆ, ಒಳಗೆ ಕುಡುಕರು ಬಿದ್ದಿರುತ್ತಾರಂತೆ, ಅದರ ನಡುವೆ ನನ್ನ ಮೊಮ್ಮಗಳು ಟೇಪು ಹಿಡಿದುಕೊಂಡು ಒಬ್ಬಳೇ ಅಳೆಯುತ್ತಾಳಂತೆ. ಇದನ್ನೆಲ್ಲ ಬಹುಮಾನ ಬಂದವಳ ಹಾಗೆ ಬರೆದಿದ್ದೀಯಲ್ಲ, ನಿನಗೆ ಬುದ್ಧಿ ಎನ್ನುವುದು ಇದೆಯಾ? ಊರಿಗೆಲ್ಲ ಒಂದು ಪಾರ್ಕು ಮಾಡಿಕೊಡಲು ನಗರಸಭೆಯವರಿಗೆ ನೀನೇ ಸಿಕ್ಕಿದೆಯಾ?

ನೀನು ಓದಿದ್ದು ಗಿಡ ನೆಡುವುದಕ್ಕೆ ಎಂದುಕೊಂಡಿದ್ದೆ. ನಿನ್ನ ಚಿಕ್ಕಮ್ಮ ನನ್ನನ್ನು ತಿದ್ದಿದಳು. “ಅಯ್ಯೋ ಅತ್ತೆ, ಗಿಡ ನೆಡೋರು ಬೇರೆ, ಎಲ್ಲಿ ನೆಡ್ಬೇಕು ಅಂತ ಹೇಳೋರು ಬೇರೆ. ನಮ್ಮ ಗೀಚಿ ಹೇಳೋಳು” ಎಂದಳು. ಹೇಳುವವಳು ಮನೆಯಲ್ಲಿ ಕೂತು ಹೇಳಬಾರದೇ? ಚಿಕ್ಕಂದಿನಲ್ಲಿ ನನ್ನ ಅಡುಗೆಮನೆಯ ಗೋಡೆಯನ್ನೆಲ್ಲ ಇದ್ದಿಲಿನಲ್ಲಿ ಗೀಚಿ ಈ ಹೆಸರು ಸಂಪಾದಿಸಿದೆ. ಆಗ ಕಿವಿ ಹಿಂಡಿದ್ದು ಸಾಲದಾಯಿತು.

ಫೋನಿನಲ್ಲೇ ಬೈಯೋಣವೆಂದರೆ ನನ್ನ ಕಿವಿ ಕೆಲಸ ಬಿಟ್ಟು ಕೂತಿದೆ. ನಿನ್ನ ದನಿ ಸೀಸೆಯೊಳಗೆ ಸಿಕ್ಕ ನೊಣದ ಹಾಗೆ ಕೇಳುತ್ತದೆ. ಹಳ್ಳಿಶಾಲೆಯ ನಾಲ್ಕನೆಯ ಕ್ಲಾಸಿನ ಈ ಅಕ್ಷರಗಳೇ ನನಗೆ ಗತಿ.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಗಂಡನಿಗೆ ಬೇರೆಯಾಗಿ ಒಂದು ಕಾಗದ ಹಾಕಿದ್ದೇನೆ. ‘ಡಾಕ್ಟರೇ, ನಮ್ಮ ಹುಡುಗಿಗೆ ಭಯ ಅಂದರೆ ಏನೆಂದು ಗೊತ್ತಿಲ್ಲ. ನೀವೇ ಬಿಟ್ಟು ನೀವೇ ಕರೆದುಕೊಂಡು ಬನ್ನಿ. ಒಬ್ಬಳನ್ನೇ ಎಲ್ಲಿಗೂ ಬಿಡಬೇಡಿ’ ಎಂದು ಬರೆದೆ. ಅಪ್ಪ ಅಮ್ಮ ಇಲ್ಲದ ನಿನ್ನನ್ನು ನಾನು ಇಷ್ಟು ದೊಡ್ಡವಳನ್ನಾಗಿ ಮಾಡಿದ್ದು ಇಟ್ಟಿಗೆ ಗೂಡಿನಲ್ಲಿ ಕಳೆದುಕೊಳ್ಳುವುದಕ್ಕಲ್ಲ. ಅವರು ಒಳ್ಳೆಯವರು. ನನ್ನ ಬಾಯಲ್ಲಿರುವ ಹಲ್ಲಿನ ಸೆಟ್ಟು ಅವರ ಕೈಯದೇ. ಗಟ್ಟಿ ಕಡಲೆ ಅಗಿದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ನಿನ್ನ ಅಜ್ಜಿ

ಜುಲೈ ೨

ಪ್ರೀತಿಯ ಅಜ್ಜಿಗೆ,

ನನಗೆ ಬರೆದದ್ದೂ ಇವರಿಗೆ ಬರೆದದ್ದೂ ಎರಡೂ ಕಾಗದ ತಲುಪಿದವು. ಇವರು ನಿನ್ನ ಮಾತನ್ನು ತಪ್ಪದೆ ಪಾಲಿಸುತ್ತಿದ್ದಾರೆ. ಬೆಳಿಗ್ಗೆ ತಾವೇ ಬಿಡುತ್ತಾರೆ, ಸಂಜೆ ತಾವೇ ಬರುತ್ತಾರೆ. ನಡುವಿನ ಹೊತ್ತಿಗೆ ಕ್ಲಿನಿಕ್ಕಿನ ಕಾಂಪೌಂಡರನ್ನು ಕಾರ್ಖಾನೆಯ ಗೇಟಿನಲ್ಲಿ ಕೂರಿಸಿದ್ದಾರೆ. ನೀನು ನಿಶ್ಚಿಂತೆಯಿಂದಿರು.

ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ಮೊದಲು ಏನನ್ನೂ ಬರೆಯದೆ ಜಾಗವನ್ನು ನೋಡಬೇಕು. ಬಯಲಿನಲ್ಲಿ ಜನ ಎಲ್ಲಿ ಅಡ್ಡ ಹಾಯ್ದು ಹುಲ್ಲು ಸವೆದಿದೆಯೋ ಅಲ್ಲೇ ನಾಳೆ ದಾರಿ ಬರಬೇಕು; ಬೇರೆ ಕಡೆ ಕಲ್ಲು ಹಾಸಿದರೆ ಯಾರೂ ನಡೆಯುವುದಿಲ್ಲ. ಆಮೇಲೆ ನೀರು. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಓಡುತ್ತದೆ ಎಂದು ನೋಡಿ ಅದಕ್ಕೊಂದು ಕಾಲುವೆ ಕೊಡಬೇಕು. ಇಲ್ಲಿ ಅದು ಹಿಂದಿನ ಗೋಡೆಯ ಬುಡದಲ್ಲಿ ಹೊರಗೆ ದಾಟುತ್ತದೆ. ಇದೆಲ್ಲ ಆದ ಮೇಲೆ ನಕ್ಷೆ. ನಕ್ಷೆಯಲ್ಲಿ ಬೆಂಚು ಹಾಕಿದ ಕಡೆಯೆಲ್ಲ ನಾನು ಮನಸ್ಸಿನಲ್ಲೇ ಹೋಗಿ ಕೂರುತ್ತೇನೆ. ಇಲ್ಲಿಂದ ಏನು ಕಾಣುತ್ತದೆ? ಯಾರು ಬರುತ್ತಿದ್ದಾರೆ? ಎದ್ದು ಹೋಗಬೇಕೆಂದರೆ ಯಾವ ಕಡೆಗೆ? ಮೂರಕ್ಕೂ ಉತ್ತರ ಸಿಗದಿದ್ದರೆ ಬೆಂಚನ್ನು ಅಳಿಸಿ ಬೇರೆ ಕಡೆ ಬರೆಯುತ್ತೇನೆ.

ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ನಿನ್ನ ಮೊಮ್ಮಗಳು

ಜುಲೈ ೨೦

ಗೀಚೀ,

ಈಗ ನನಗೆ ನಿದ್ದೆ ಬರುತ್ತಿದೆ. ಕಾಂಪೌಂಡರನ್ನೂ ಕಾವಲಿಗೆ ಹಾಕಿದ್ದಾರೆಂದು ಓದಿ ನಿನ್ನ ಚಿಕ್ಕಪ್ಪನಿಗೆ ಕೇಳಿಸುವ ಹಾಗೆ ಕೂಗಿ ಹೇಳಿದೆ, “ನೋಡು, ಗಂಡ ಅಂದ್ರೆ ಹಾಗಿರ್ಬೇಕು.” ಅವನು ವ್ಯಾನಿಗೆ ಕುರ್ಚಿ ಹೇರುತ್ತಿದ್ದವನು ತಿರುಗಿ, “ಅಮ್ಮಾ, ನನ್ನ ಹೆಂಡ್ತಿಗೆ ಕಾವಲು ಹಾಕಿದ್ರೆ ಕಾವಲುಗಾರನೇ ಅತ್ಕೊಂಡು ಓಡೋಗ್ತಾನೆ” ಎಂದ. ಸೌಟು ಹಿಡಿದ ಕೈ ಬಾಗಿಲಿಗೆ ಬಂತು. ಆಮೇಲೆ ಅವನೇ ಓಡಿದ.

ನಿನ್ನ ಬೆಂಚಿನ ಮಾತು ಚೆನ್ನಾಗಿದೆ. ಬೆಂಚಿಗೂ ಇಷ್ಟು ಯೋಚನೆ ಬೇಕೆಂದು ನನಗೆ ಗೊತ್ತಿರಲಿಲ್ಲ. ಕಾಲು ನೋಯುತ್ತದೆ, ಕೂರುತ್ತೇವೆ, ಅಷ್ಟೇ ಎಂದುಕೊಂಡಿದ್ದೆ.

ಒಂದು ಮಾತು. ನಾನು ಅಷ್ಟು ಬೈದು ಬರೆದರೂ ನೀನು ತಿರುಗಿ ಒಂದು ಬೈಗುಳವನ್ನೂ ಕಳಿಸಲಿಲ್ಲ. ‘ಏ ಬೊಚ್ಚುಬಾಯಿ’ ಎಂದು ಶುರುವಾಗುತ್ತಿದ್ದ ಕಾಗದ ‘ಪ್ರೀತಿಯ ಅಜ್ಜಿ’ ಎಂದು ಶುರುವಾದರೆ ಕಾಗದ ಅದಲು ಬದಲಾಗಿ ಬಂದಂತೆ ಕಾಣುತ್ತದೆ. ಕೆಲಸ ಜಾಸ್ತಿಯೇನೋ. ನಕ್ಷೆ ಮುಗಿದ ಮೇಲೆ ನನಗೊಂದು ಕಳಿಸು. ಗೋಡೆಗೆ ಅಂಟಿಸಿ ಬೀದಿಯವರಿಗೆಲ್ಲ ತೋರಿಸಿ ಹೊಟ್ಟೆ ಉರಿಸುತ್ತೇನೆ. ಡಾಕ್ಟರಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅಜ್ಜಿ

ಸೆಪ್ಟೆಂಬರ್ ೫

ಪ್ರೀತಿಯ ಅಜ್ಜಿಗೆ,

ಬರೆಯುವುದು ತಡವಾಯಿತು. ಬಲಗೈ ಬೆರಳುಗಳು ಬೀರುವಿನ ಬಾಗಿಲಿಗೆ ಸಿಕ್ಕಿದ್ದವು. ಅಕ್ಷರ ಸೊಟ್ಟಗಿದೆ, ಬೇಸರಿಸಬೇಡ. ಇವರೇ ಪಟ್ಟಿ ಕಟ್ಟಿದರು. ಫೋನು ರಿಪೇರಿಗೆ ಹೋಗಿದೆ, ಚಿಕ್ಕಮ್ಮನಿಗೆ ಮಾಡಬೇಡವೆಂದು ಹೇಳು.

ನಕ್ಷೆ ಕಳಿಸಿದ್ದೇನೆ. ಹಸಿರು ಬಣ್ಣದ ಸಾಲುಗಳು ಬೇಲಿಗಿಡ. ಯಾವುದನ್ನೂ ಮೊಣಕಾಲಿಗಿಂತ ಎತ್ತರ ಬೆಳೆಯಲು ಬಿಡುವುದಿಲ್ಲ. ಮರಗಳನ್ನು ಉಳಿಸಿಕೊಂಡಿದ್ದೇನೆ, ಆದರೆ ಕೆಳಗಿನ ಕೊಂಬೆಗಳನ್ನು ಸವರಿಸುತ್ತೇನೆ. ಆಗ ದೂರದಿಂದಲೇ ಬರುವವರ ಕಾಲು ಮೊದಲು ಕಾಣುತ್ತದೆ. ಬೆಂಚುಗಳ ಬೆನ್ನು ಗೋಡೆಗೆ ಇದೆ, ಹಿಂದಿನಿಂದ ಯಾರೂ ಬರಲಾಗದು. ಯಾವ ಮೂಲೆಯಲ್ಲಿ ನಿಂತರೂ ಹೊರಡಲು ಎರಡು ದಾರಿ ಇರುತ್ತದೆ. ಒಂದೇ ದಾರಿ ಇರುವ ಜಾಗ ಇಡೀ ಪಾರ್ಕಿನಲ್ಲಿ ಇಲ್ಲ. ನೀರಿಗೂ ಹಾಗೇ ಮಾಡಿದ್ದೇನೆ, ಒಂದು ಕಾಲುವೆ ಕಟ್ಟಿದರೆ ಇನ್ನೊಂದರಲ್ಲಿ ಹರಿಯುತ್ತದೆ.

ನಗರಸಭೆಯ ಎಂಜಿನಿಯರು ನಕ್ಷೆ ನೋಡಿ, “ಏನ್ರೀ, ಪಾರ್ಕಿಗೆ ಬರೋರು ತಿರುಗಾಡೋಕೆ ಬರ್ತಾರೋ ಓಡೋಗೋಕೆ ಬರ್ತಾರೋ?” ಎಂದು ನಕ್ಕರು. ಇವರೂ ನಕ್ಕರು.

ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ನಿನ್ನ ಮೊಮ್ಮಗಳು

ಸೆಪ್ಟೆಂಬರ್ ೧೪

ನನ್ನ ಗೀಚೀ,

ನಕ್ಷೆ ಗೋಡೆಗೆ ಹತ್ತಿತು. ಅಡುಗೆಮನೆಯ ಗೋಡೆಗೇ ಅಂಟಿಸಿದ್ದೇನೆ, ನೀನು ಗೀಚುತ್ತಿದ್ದ ಜಾಗಕ್ಕೆ. ಬೀದಿಯವರು ಬಂದು ನೋಡಿ ಚೆನ್ನಾಗಿದೆ ಎಂದರು. ಅವರು ಹೋದ ಮೇಲೂ ನಾನು ನೋಡುತ್ತಲೇ ಇದ್ದೇನೆ. ಹಾಲು ಉಕ್ಕಿ ಹೋದರೂ ನೋಡುತ್ತಿದ್ದೆನೆಂದು ನಿನ್ನ ಚಿಕ್ಕಮ್ಮ ರೇಗಿದಳು.

ಬೆರಳು ವಾಸಿಯಾಗಲಿ. ಡಾಕ್ಟರು ಪಕ್ಕದಲ್ಲೇ ಇದ್ದಾರೆ, ನಿನಗೇನು ಕಡಿಮೆ! ಅಂಥ ಗಂಡ ಎಷ್ಟು ಹೆಣ್ಣುಮಕ್ಕಳಿಗೆ ಸಿಗುತ್ತಾನೆ? ನಾನು ಬೀದಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತೇನೆ. ಅವರಿಗೆ ಎದುರಾಡಬೇಡ. ನಾನು ಬೆಳೆಸಿದವಳು ಬಜಾರಿಯಾದಳೆಂದು ನನಗೆ ಕೆಟ್ಟ ಹೆಸರು ತರಬೇಡ.

ನಿನ್ನ ಪಾರ್ಕಿನ ಬಗ್ಗೆ ಒಂದೇ ಒಂದು ಸಂದೇಹ. ಮುದುಕಿಯ ದಡ್ಡ ಪ್ರಶ್ನೆ, ನಗಬೇಡ. ಒಂದು ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಾಳೆ ಎನ್ನು. ದೊಡ್ಡ ಗೇಟಿನಲ್ಲಿ ಅವಳಿಗೆ ಬೇಡವಾದವರು ಯಾರೋ ನಿಂತಿದ್ದಾರೆ. ನಾನು ಬೆರಳಿಟ್ಟು ನೋಡಿದೆ, ನಿನ್ನ ದಾರಿಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಆ ಗೇಟಿಗೇ ಬರುತ್ತವೆ. ಹಾಗಾದರೆ ಆ ಹೆಂಗಸು ಹೊರಗೆ ಹೋಗುವುದು ಎಲ್ಲಿಂದ? ಯೋಚನೆ ಮಾಡಿ ಬರೆ. ಆ ಹೆಂಗಸಿನದೇ ಚಿಂತೆಯಾಗಿ ನನಗೆ ಅನ್ನ ಸೇರುತ್ತಿಲ್ಲ.

ನಿನ್ನ ಅಜ್ಜಿ

ಸೆಪ್ಟೆಂಬರ್ ೨೮

ಪ್ರೀತಿಯ ಅಜ್ಜಿಗೆ,

ನಿನ್ನ ಪ್ರಶ್ನೆ ದಡ್ಡದಲ್ಲ. ಎಂಜಿನಿಯರಿಗೂ ಹೊಳೆಯದ್ದು.

ಹಿಂದಿನ ಗೋಡೆಯಲ್ಲಿ ಒಂದು ಚಿಕ್ಕ ಗೇಟು ಇದೆ. ಗಿಡದ ಕೈಗಾಡಿಗಳಿಗೆಂದು ಮಾಡಿದ್ದು, ಆದ್ದರಿಂದ ಜನರಿಗೆ ತೋರಿಸುವ ನಕ್ಷೆಯಲ್ಲಿ ಇಲ್ಲ. ಪಾರ್ಕು ಉದ್ಘಾಟನೆಯಾಗುವುದು ನವೆಂಬರ್ ಕೊನೆಯ ಭಾನುವಾರ. ಆ ದಿನ ಬೆಳಿಗ್ಗೆಯಿಂದ ಹೂಕುಂಡಗಳು ಬರುವುದರಿಂದ ಗೇಟು ತೆರೆದೇ ಇರುತ್ತದೆ. ಗಿಡ ತರುವ ನರ್ಸರಿಯ ಹೆಂಗಸು ಅಲ್ಲೇ ಇರುತ್ತಾಳೆ. ಬಹಳ ಒಳ್ಳೆಯವಳು. ಊರಾಚೆ ರಸ್ತೆಯಲ್ಲಿ ನೀಲಿ ತಗಡಿನ ಛಾವಣಿಯದೇ ಅವಳ ನರ್ಸರಿ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಆ ಹೆಂಗಸಿನ ಚಿಂತೆ ಬೇಡ. ನೀನು ಊಟ ಮಾಡು.

ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ನಿನ್ನ ಮೊಮ್ಮಗಳು

ಅಕ್ಟೋಬರ್ ೯

ಗೀಚೀ, ನನ್ನ ಕಂದಾ,

ಇದನ್ನು ನಿನ್ನ ಚಿಕ್ಕಪ್ಪ ತಾನೇ ವ್ಯಾನಿನಲ್ಲಿ ತಂದು ನರ್ಸರಿಯವಳ ಕೈಗೆ ಕೊಡುತ್ತಾನೆ. ಅವಳು ಗಿಡದ ತೊಟ್ಟಿಯ ತಳದಲ್ಲಿಟ್ಟು ನಿನಗೆ ತಲುಪಿಸುತ್ತಾಳೆ. ಓದಿ ಸುಟ್ಟುಹಾಕು. ಇದರಲ್ಲಿ ನಾನು ನಾಟಕ ಆಡುವುದಿಲ್ಲ.

ನಿನ್ನ ಕಾಗದಗಳಿಗೆ ಲವಂಗದ ಎಣ್ಣೆಯ ವಾಸನೆ. ಅದು ನಿನ್ನ ಗಂಡನ ಕ್ಲಿನಿಕ್ಕಿನ ವಾಸನೆ, ಅವರು ನನ್ನ ಬಾಯಿ ತೆರೆಸಿದಾಗ ಮೂಗಿಗೆ ಹೊಡೆದದ್ದು ಇನ್ನೂ ಮರೆತಿಲ್ಲ. ನನ್ನ ಕಾಗದ ನಿನಗಿಂತ ಮುಂಚೆ ಅವರು ಓದುತ್ತಾರೆ, ನಿನ್ನದನ್ನು ಓದದೆ ಅಂಚೆಗೆ ಹಾಕುವುದಿಲ್ಲ. ಅಷ್ಟು ತಿಳಿಯಿತು. ಆದರೆ ನನ್ನ ಎದೆ ಒಡೆದದ್ದು ನಕ್ಷೆ ನೋಡಿ. ನಾನು ಜೀವನವೆಲ್ಲ ಕೋಳಿ ಸಾಕಿದವಳು. ಒಮ್ಮೆ ನಾಯಿಯ ಬಾಯಿಗೆ ಸಿಕ್ಕಿ ಬಿಡಿಸಿಕೊಂಡು ಬಂದ ಕೋಳಿ ಆಮೇಲೆ ಎಲ್ಲೆಂದರಲ್ಲಿ ಕೂರುವುದಿಲ್ಲ. ಬೆನ್ನು ಗೋಡೆಗೆ ಇಟ್ಟು, ಎರಡೂ ಕಡೆ ಕಣ್ಣಿಟ್ಟು, ಕಾಳು ಹಾಕಿದರೂ ಬಾರದೆ ಕೂರುತ್ತದೆ. ನಿನ್ನ ಪಾರ್ಕಿನ ಬೆಂಚುಗಳೆಲ್ಲ ಹಾಗೇ ಕೂತಿವೆ ಕಂದಾ. ಬೇರೆಯವರಿಗೆ ಅದು ಜಾಣತನವಾಗಿ ಕಂಡಿತು.

ನಾಯಿಗೆ ಕಾಗದ ಬರೆದು ಕೋಳಿಯನ್ನು ಕಾಯಲು ಹೇಳಿದವಳು ನಾನು. ಅದರ ಬಗ್ಗೆ ಆಮೇಲೆ ಅಳುತ್ತೇನೆ, ಈಗ ಹೊತ್ತಿಲ್ಲ. ಬೆರಳು ಬೀರುವಿಗೆ ಹೇಗೆ ಸಿಕ್ಕಿತು? ನಿಜ ಬರೆ. ಬರೆಯದಿದ್ದರೂ ನನಗೆ ಗೊತ್ತು, ಆದರೂ ಬರೆ.

ನವೆಂಬರಿನ ಆ ಭಾನುವಾರದ ತನಕ ಯಾಕೆ? ನಾಳೆಯೇ ಬಾ. ಪಾರ್ಕು ಹಾಳಾಗಿ ಹೋಗಲಿ.

ಅಜ್ಜಿ

ಅಕ್ಟೋಬರ್ ೨೧

ಏ ಬೊಚ್ಚುಬಾಯಿ,

ಹೀಗೆ ಬರೆದು ಎಷ್ಟು ದಿನವಾಯಿತು. ಇದು ಗೊಬ್ಬರದ ಚೀಲದ ಕಾಗದ, ವಾಸನೆಗೆ ಬೈಯಬೇಡ. ನಿನಗೆ ಬೇಕಾದ ವಾಸನೆ ಇದೇ.

ಬೀರುವಿನ ಬಾಗಿಲನ್ನು ಮುಚ್ಚಿದ್ದು ಅವರು. ನಿಧಾನವಾಗಿ ಮುಚ್ಚಿದರು. ನಾನು ಒಬ್ಬಳೇ ಬಸ್ಸಿನಲ್ಲಿ ಮನೆಗೆ ಬಂದಿದ್ದೆ, ಅದಕ್ಕೆ. ಅವರು ಕೂಗುವುದಿಲ್ಲ ಅಜ್ಜಿ. ದನಿ ಏರಿಸುವುದೇ ಇಲ್ಲ. “ನೋವಾಯ್ತಾ? ಎಲ್ಲಿ, ತೋರ್ಸು” ಎಂದು ರೋಗಿಗಳನ್ನು ಕೇಳುವ ಹಾಗೇ ಕೇಳುತ್ತಾರೆ. ಆಮೇಲೆ ತಾವೇ ಪಟ್ಟಿ ಕಟ್ಟುತ್ತಾರೆ. ಯಾರಿಗೆ ಹೇಳಲಿ? ಠಾಣೆಯ ಇನ್ಸ್‌ಪೆಕ್ಟರಿಂದ ಎಂಜಿನಿಯರ ಹೆಂಡತಿಯವರೆಗೆ ಇಡೀ ಊರಿನ ಬಾಯಿ ಅವರ ಕೈಯಲ್ಲಿದೆ.

ನಮ್ಮ ಮನೆಗೆ ಇರುವುದು ಒಂದೇ ಬಾಗಿಲು. ಅವರ ಕುರ್ಚಿ ಅದರ ಪಕ್ಕ. ನಾನು ದಿನವೂ ಆ ಮನೆಯಲ್ಲಿ ಕೂತು ಎರಡು ದಾರಿಗಳಿರುವ ಜಾಗವನ್ನು ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ, ನೀನು ಕೇಳುವ ತನಕ.

ನಾಳೆ ಬರಲಾರೆ. ದೊಡ್ಡ ಗೇಟಿನಲ್ಲಿ ಕಾಂಪೌಂಡರ್ ಇರುತ್ತಾನೆ, ಚಿಕ್ಕ ಗೇಟಿನ ಬೀಗದ ಕೈ ಗುತ್ತಿಗೆದಾರನ ಹತ್ತಿರ. ಇನ್ನೊಂದು ಕಾರಣ ಹೇಳಿದರೆ ಬೈಯುತ್ತೀಯ. ನಾನು ಹೋದರೆ ಮಾರನೆಯ ದಿನವೇ ನಗರಸಭೆಯವರು ಬೇಲಿಗಿಡವನ್ನು ಎತ್ತರಕ್ಕೆ ಬಿಡುತ್ತಾರೆ, ಬೆಂಚುಗಳನ್ನು ಕಾರಂಜಿಯ ಕಡೆ ತಿರುಗಿಸುತ್ತಾರೆ. ಎಲ್ಲವೂ ನೆಲಕ್ಕೆ ಊರಿದ್ದನ್ನು ನೋಡಿ ಬರುತ್ತೇನೆ. ಅಲ್ಲಿ ಬಂದು ಕೂರುವವಳು ನಾನೊಬ್ಬಳೇ ಅಲ್ಲ.

ಚಿಕ್ಕಪ್ಪ ಚಿಕ್ಕ ಗೇಟಿನ ಹೊರಗೆ ಇರಲಿ. ನನಗೆ ಹೆದರಿಕೆ ಅಜ್ಜಿ. ಸಂಜೆ ಕಾರಿನ ಸದ್ದಾದರೆ ಕೈಯಲ್ಲಿದ್ದ ಲೋಟ ಬೀಳುತ್ತದೆ.

ಗೀಚಿ

ನವೆಂಬರ್ ೧೬

ಗೀಚೀ,

ಉದ್ಘಾಟನೆಗೆ ಕರೆದಿದ್ದೀರಿ, ಸಂತೋಷ. ಆದರೆ ನನ್ನ ಮಂಡಿ ಮುಷ್ಕರ ಹೂಡಿದೆ. ನಿನ್ನ ಚಿಕ್ಕಪ್ಪನಿಗೂ ಆ ದಿನ ಎಲ್ಲೋ ಮಂಚ ಸಾಗಿಸುವುದಿದೆಯಂತೆ. ನಮ್ಮ ಮನೆಯಿಂದ ಯಾರೂ ಬರುವುದಿಲ್ಲ. ಡಾಕ್ಟರಿದ್ದಾರಲ್ಲ, ನಮ್ಮೆಲ್ಲರ ಪರವಾಗಿ ಅವರೇ ಮುಂದಿನ ಸಾಲಿನಲ್ಲಿ ಕೂರಲಿ. ಅವರ ಪಕ್ಕ ಬಿಟ್ಟು ಕದಲಬೇಡ.

ಇಲ್ಲಿ ಎಲ್ಲರೂ ಕ್ಷೇಮ. ಸೆಟ್ಟು ಚೆನ್ನಾಗಿ ಕಚ್ಚುತ್ತಿದೆ ಎಂದು ಅವರಿಗೆ ತಿಳಿಸು.

ನಿನ್ನ ಅಜ್ಜಿ

ಡಿಸೆಂಬರ್ ೬

ಏ ಬೊಚ್ಚುಬಾಯಿ,

ಬದುಕಿದ್ದೇನೆ. ಚಿಕ್ಕಪ್ಪ ಅಷ್ಟನ್ನೇ ಹೇಳಿರಬೇಕು. ನನ್ನನ್ನು ಈ ಹೊಸ ಊರಿಗೆ ತಂದು ಬಿಡುವ ದಾರಿಯುದ್ದಕ್ಕೂ ಸ್ಟೀರಿಂಗ್ ಹಿಡಿದು ಅಳುತ್ತಿದ್ದ.

ನಾವು ಅಂದುಕೊಂಡಂತೆ ಆಗಲಿಲ್ಲ. ಅವರು ಬೆಳಿಗ್ಗೆಯಿಂದ ನನ್ನ ಮೊಣಕೈ ಬಿಟ್ಟಿರಲಿಲ್ಲ. ನೋಡುವವರಿಗೆ ಅದು ಪ್ರೀತಿ. ನಗರಸಭೆಯ ಅಧ್ಯಕ್ಷರು ರಿಬ್ಬನ್ ಕತ್ತರಿಸಿ, “ಡಾಕ್ಟ್ರೇ, ನಿಮ್ಮನೆಯವ್ರನ್ನ ಸ್ವಲ್ಪ ಸಾಲ ಕೊಡಿ, ನಮಗೆ ಪಾರ್ಕು ತೋರಿಸ್ಲಿ” ಎಂದರು. ಎಲ್ಲರೂ ನಕ್ಕರು. ಬಿಡಲೇಬೇಕಾಯಿತು. ಬಿಡುವಾಗ ಆ ಬೆರಳುಗಳನ್ನೇ ಒಮ್ಮೆ ಒತ್ತಿದರು.

ಅಧ್ಯಕ್ಷರನ್ನು ಕಾರಂಜಿಯ ಮುಂದೆ ಫೋಟೋದವರಿಗೆ ಒಪ್ಪಿಸಿ ನಾನು ಹಿಂದಿನ ಗೋಡೆಯ ಕಡೆ ನಡೆದೆ. ಓಡಲಿಲ್ಲ. ಬೇಲಿಗಿಡ ಮೊಣಕಾಲಿನಷ್ಟೇ ಎತ್ತರ. ಬಚ್ಚಿಟ್ಟುಕೊಳ್ಳಲು ಒಂದು ಪೊದೆಯನ್ನೂ ನಾನು ಉಳಿಸಿಕೊಂಡಿರಲಿಲ್ಲ. ಎಲ್ಲಿ ನೋಡಿದರೂ ನಾನು ಕಾಣುತ್ತಿದ್ದೆ. ಇದೊಂದನ್ನು ಯೋಚಿಸಿಯೇ ಇರಲಿಲ್ಲ ಅಜ್ಜಿ. ಬರುವವರನ್ನು ನಾನು ನೋಡಬೇಕು ಎಂದುಕೊಂಡವಳು, ಹೋಗುವ ನನ್ನನ್ನು ಅವರು ನೋಡುತ್ತಾರೆ ಎಂದು ಎಣಿಸಲಿಲ್ಲ.

ಚಿಕ್ಕ ಗೇಟಿಗೆ ಬೀಗ. ಅತಿಥಿಗಳ ಭದ್ರತೆಗೆಂದು ಆ ಬೆಳಿಗ್ಗೆ ಹಾಕಿದ್ದರಂತೆ. ಸರಳಿನಾಚೆ ಚಿಕ್ಕಪ್ಪನ ವ್ಯಾನಿನ ಚಕ್ರ ಕಾಣುತ್ತಿತ್ತು. ಬೀಗ ಹಿಡಿದು ಜಗ್ಗಿದೆ. ನರ್ಸರಿಯವಳು ಓಡಿ ಬಂದು, “ಅವ್ರು ಎದ್ರು ಕಣಮ್ಮ, ಈ ಕಡೆಗೇ ಬರ್ತಾವ್ರೆ” ಎಂದಳು. ತಿರುಗಿ ನೋಡಿದೆ. ಮರಗಳ ಕೆಳಗೆ ಬಿಳಿ ಬೂಟುಗಳು. ಬೇರೇನೂ ಕಾಣಲಿಲ್ಲ, ಬೂಟು ಮಾತ್ರ. ಅವೂ ಓಡುತ್ತಿರಲಿಲ್ಲ.

ಆಗ ಮಳೆನೀರಿನ ಕಾಲುವೆ ನೆನಪಾಯಿತು. ಅದು ಗೋಡೆಯ ಬುಡದಲ್ಲಿ ದಾಟುವ ಕಡೆ ಒಂದು ಕಬ್ಬಿಣದ ಜಾಲರಿ. ಹೂಳು ತೆಗೆಯುವವರಿಗೆ ಸುಲಭವಾಗಲೆಂದು ಒಳಗಿನಿಂದ ಎತ್ತುವ ಹಾಗೆ ನಾನೇ ಮಾಡಿಸಿದ್ದೆ. ಕಾಲುವೆಗೆ ಇಳಿದೆ. ತಲೆ ತಗ್ಗಿಸಿದ ಮೇಲೆ ಅಷ್ಟು ದೊಡ್ಡ ಪಾರ್ಕಿನಲ್ಲಿ ನಾನು ಯಾರಿಗೂ ಕಾಣದ ಜಾಗ ಅದೊಂದೇ. ಹೊಟ್ಟೆಯ ಮೇಲೆ ತೆವಳಿದೆ. ಜಾಲರಿ ಎತ್ತುವಾಗ ಹಳೆಯ ಬೆರಳು ಮತ್ತೆ ಮುರಿಯಿತೇನೋ ಅನ್ನಿಸಿತು. ಮೇಲೆ ನರ್ಸರಿಯವಳ ದನಿ, “ಮೇಡಂ ಇತ್ಲಾಗ್ ಬರ್ಲಿಲ್ಲ ಸಾರ್.” ಆಮೇಲೆ ಅವರ ದನಿ, ಮೆಲ್ಲಗೆ, “ಹೌದಾ? ಎಲ್ಲಿ, ಕೈ ತೋರ್ಸಿ. ಯಾಕೆ ಇಷ್ಟು ನಡುಗ್ತಿದೆ?”

ಅವಳಿಗೆ ಏನಾದರೂ ಆಯಿತೇ ಎಂದು ಚಿಕ್ಕಪ್ಪನಿಂದ ವಿಚಾರಿಸು. ನನಗೆ ಅದೇ ಯೋಚನೆ.

ಚಿಕ್ಕಪ್ಪ ಕಾಯುತ್ತಿದ್ದದ್ದು ಗೇಟಿನಲ್ಲಿ, ನಾನು ಹೊರಬಿದ್ದದ್ದು ಬೀದಿಯ ಕೊನೆಯ ಚರಂಡಿಯಲ್ಲಿ. ಮೈಯೆಲ್ಲ ಕೆಸರು. ನನ್ನನ್ನು ನೋಡಿ ಮೊದಲು ಅವನು, “ಮುಂದಕ್ಕೆ ಹೋಗಮ್ಮ, ಚಿಲ್ರೆ ಇಲ್ಲ” ಎಂದ. ಇದನ್ನು ಓದಿ ನೀನು ನಗಬೇಕು. ನಾನೂ ಒಂದು ದಿನ ನಗುತ್ತೇನೆ.

ಗೀಚಿ

ಫೆಬ್ರವರಿ ೧೮

ನನ್ನ ಗೀಚೀ,

ನೀನಿರುವ ಊರಿನ ಹೆಸರನ್ನು ನಾನು ಲಕೋಟೆಯ ಮೇಲೂ ಬರೆಯುವುದಿಲ್ಲ. ಯಾವಾಗಿನಂತೆ ಚಿಕ್ಕಪ್ಪನೇ ತರುತ್ತಾನೆ. ನರ್ಸರಿಯವಳು ಚೆನ್ನಾಗಿದ್ದಾಳೆ. ಅವಳ ಕೈ ಹಿಡಿದದ್ದೇ ತಡ, ಗಂಟಲು ಹರಿಯುವ ಹಾಗೆ ಕೂಗಿದಳಂತೆ, ಫೋಟೋದವರೆಲ್ಲ ಓಡಿಬಂದರಂತೆ. ಅವರು ಬಿಟ್ಟರು. ಹತ್ತು ಜನ ನೋಡುತ್ತಿದ್ದರೆ ಅವರು ಒಳ್ಳೆಯವರು.

ಅವರು ನಮ್ಮ ಮನೆಗೂ ಬಂದಿದ್ದರು. ನಿನಗೆ ಹೇಳಬಾರದೆಂದಿದ್ದೆ, ಆದರೆ ಮುಚ್ಚಿಟ್ಟದ್ದೇ ಸಾಕು ನಮ್ಮಿಬ್ಬರಿಗೂ. ಮನೆಯಲ್ಲಿ ನಾನೊಬ್ಬಳೇ. ಕುರ್ಚಿ ಎಳೆದು ಬಾಗಿಲಿನ ಪಕ್ಕ ಕೂತರು. ನೀನು ಬರೆದದ್ದು ನೆನಪಾಯಿತು. ಕಿವಿಯ ಹತ್ತಿರ ಬಾಗಿ, “ಅಜ್ಜಿ, ಎಲ್ಲಿದ್ದಾಳೆ?” ಎಂದರು.

“ಯಾರು? ನಿಮ್ಮ ಹೆಂಡ್ತಿ ನಿಮ್ಮ ಹತ್ರ ಇಲ್ವಾ? ಅಯ್ಯೋ, ನನ್ನ ಮಗು ಎಲ್ಲಪ್ಪಾ!” ಎಂದು ಎದೆ ಬಡಿದುಕೊಂಡೆ. ಅಷ್ಟು ಚೆನ್ನಾಗಿ ಎದೆ ಬಡಿದುಕೊಳ್ಳಲು ನನಗೆ ಬರುತ್ತದೆಂದು ಗೊತ್ತಿರಲಿಲ್ಲ.

ಅವರು ನಕ್ಕರು. “ಸೆಟ್ಟು ಹೇಗಿದೆ, ಒಂಚೂರು ನೋಡೋಣ, ಬಾಯಿ ತೆಗೀರಿ” ಎಂದರು. ತೆಗೆದೆ. ತೆಗೆಯದೆ ಏನು ಮಾಡಲಿ? ಬಾಗಿಲು ಅವರ ಪಕ್ಕ ಇತ್ತು. ಎರಡು ಬೆರಳು ಬಾಯೊಳಗಿಟ್ಟು ದವಡೆಯನ್ನು ಒತ್ತಿ ಹಿಡಿದರು. ಒತ್ತುತ್ತಲೇ ಇದ್ದರು. “ಸುಳ್ಳು ಹೇಳೋರಿಗೆ ಸೆಟ್ಟು ಬೇಗ ಸಡಿಲ ಆಗುತ್ತೆ ಅಜ್ಜಿ” ಎಂದರು. ಲವಂಗದ ವಾಸನೆ. ಅವರು ಮಾಡಿದ ಹಲ್ಲಿನಲ್ಲೇ ಅವರನ್ನು ಕಚ್ಚೋಣವೇ ಎನಿಸಿತು. ಕಚ್ಚಲಿಲ್ಲ. ಕಚ್ಚಿದರೆ ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಕಣ್ಣಿನಲ್ಲಿ ನೀರು ಸುರಿಯುತ್ತ ಬಾಯಿ ತೆರೆದು ಕೂತಿದ್ದೆ. ಅಷ್ಟರಲ್ಲಿ ನಿನ್ನ ಚಿಕ್ಕಮ್ಮ ಬಂದಳು. ಅವರು ಕೈ ತೊಳೆದುಕೊಂಡು, ಟವೆಲ್ಲು ಕೇಳಿ ಒರೆಸಿಕೊಂಡು ಹೋದರು.

ಆ ದಿನ ಸೆಟ್ಟು ತೆಗೆದಿಟ್ಟೆ. ಅದಕ್ಕೇ ಈಗ ನಿಜವಾದ ಬೊಚ್ಚುಬಾಯಿ. ಅನ್ನ ಮೆತ್ತಗೆ ಮಾಡಿಸಿಕೊಂಡು ತಿನ್ನುತ್ತೇನೆ.

ಈಗ ಮುಖ್ಯ ವಿಷಯ. ನಾನು ನಿನ್ನ ಪಾರ್ಕಿಗೆ ಹೋಗಿದ್ದೆ. ಎಲ್ಲರೂ ಬೇಡವೆಂದರು. “ಅಮ್ಮಾ, ಆ ಊರಿಗೇ ಹೋಗ್ಬೇಕಾ, ಹುಚ್ಚಾ ನಿಂಗೆ?” ಎಂದು ಚಿಕ್ಕಪ್ಪ ಕುಣಿದಾಡಿದ. ನನ್ನ ಮೊಮ್ಮಗಳು ಬೆರಳು ಮುರಿಸಿಕೊಂಡು ಬರೆದದ್ದನ್ನು ಗೋಡೆಯ ಮೇಲೆ ನೋಡಿ ಸಾಯಬೇಕೇ? ಹೋದೆ. ಅವನು ವ್ಯಾನನ್ನು ಚಿಕ್ಕ ಗೇಟಿನ ಹೊರಗೆ ನಿಲ್ಲಿಸಿದ. ಈಗ ಕೈಗಾಡಿಗಳಿಗೆ ದಿನವೂ ಅದು ತೆರೆದಿರುತ್ತದೆ.

ಬೆಂಚುಗಳನ್ನು ತಿರುಗಿಸಿಲ್ಲ. ಬೇಲಿಗಿಡ ಮೊಣಕಾಲಿನಷ್ಟೇ ಇದೆ. ಹುಣಸೆಮರದಷ್ಟು ದಪ್ಪದ ಆ ಹಳೆಯ ಮರದ ಎದುರು, ಗೋಡೆಗೆ ಬೆನ್ನು ಕೊಟ್ಟ ಬೆಂಚು ಇದೆಯಲ್ಲ, ಅಲ್ಲಿ ಹೋಗಿ ಕೂತೆ. ಅದರಲ್ಲಿ ಆಗಲೇ ಒಬ್ಬಳು ಕೂಸಿನ ತಾಯಿ ಕೂತಿದ್ದಳು. ಬೇರೆ ಬೆಂಚುಗಳೆಲ್ಲ ಖಾಲಿ. “ಇಲ್ಲೇ ಯಾಕಮ್ಮ ಕೂತಿದ್ದೀಯ, ಆ ಕಡೆ ಬಿಸಿಲು ಚೆನ್ನಾಗಿದೆಯಲ್ಲ” ಎಂದೆ. ಅವಳು ನನ್ನ ಕಿವಿಗೆ ಬಾಯಿಟ್ಟು, “ಇಲ್ಲಿ ಕೂತ್ರೆ ಎರಡೂ ಕಡೆ ಕಾಣುತ್ತೆ ಅಜ್ಜಿ” ಎಂದಳು. ಹೇಳಿ, ಹೇಳಬಾರದ್ದನ್ನು ಹೇಳಿದವಳಂತೆ ಕೂಸಿನ ಟೋಪಿ ಸರಿಮಾಡಿದಳು. ಅವಳ ಕೈ ಹಿಡಿದುಕೊಂಡು ಕೂತೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ನನ್ನ ಕೈ ಒತ್ತಿದಳು. “ಅಜ್ಜಿ, ಆ ದೊಡ್ಡ ಗೇಟಿಂದ ಬರ್ತಿರೋರು ನಮ್ಮ ಕಡೆಗೇ ಬರೋ ಹಾಗಿದೆ” ಎಂದಳು. ನೋಡಿದೆ. ಮರಗಳ ಕೆಳಗೆ ಬಿಳಿ ಬೂಟುಗಳು. ಮುಖ ಇನ್ನೂ ಕೊಂಬೆಯ ಆಚೆಗಿತ್ತು. ದಿನಾ ಸಂಜೆ ಬರುತ್ತಾರಂತೆ, ಹೆಂಡತಿಯ ನೆನಪಿಗೆಂದು ಜನ ಅಯ್ಯೋ ಪಾಪ ಅನ್ನುತ್ತಾರಂತೆ. ಅವರು ನನ್ನನ್ನು ಕಂಡದ್ದು ಖಂಡಿತವೋ ಇಲ್ಲವೋ ಗೊತ್ತಿಲ್ಲ. ಆದರೆ ಬೂಟು ಹತ್ತಿರವಾಗುವ ಮುಂಚೆಯೇ ನಾನು ಇನ್ನೊಂದು ದಾರಿಯಲ್ಲಿ ಚಿಕ್ಕ ಗೇಟು ದಾಟಿ ವ್ಯಾನಿನಲ್ಲಿದ್ದೆ. ಕೂಸಿನ ತಾಯಿಯೂ ನನ್ನ ಹಿಂದೆಯೇ ಎದ್ದು ಬಂದಳು. ಅವಳ ಬೀದಿಯ ತುದಿಯಲ್ಲಿ ಇಳಿಸಿದೆವು. ನಮ್ಮ ಮನೆಯ ಗುರುತು ಹೇಳಿದ್ದೇನೆ.

ನಿನ್ನ ಬೆಂಚು ಕೆಲಸ ಮಾಡುತ್ತದೆ ಗೀಚೀ.

ಒಂದು ತಪ್ಪಿದೆ, ಹೇಳದೆ ಇರಲಾರೆ. ನೀನೀಗ ಇರುವ ಊರಿನಲ್ಲೂ ನಿನಗೆ ಒಂದು ಪಾರ್ಕಿನ ಕೆಲಸ ಸಿಕ್ಕಿದೆ ಎಂದು ಚಿಕ್ಕಪ್ಪ ಹೇಳಿದ. ಅಲ್ಲಿ ಬೆಂಚನ್ನು ಇನ್ನೊಂಚೂರು ತಗ್ಗು ಮಾಡಿಸು. ಕೂತರೆ ನನ್ನ ಕಾಲು ನೇತಾಡುತ್ತಿತ್ತು, ಏಳುವಾಗ ಕೆಳಗೆ ಜಾರಬೇಕಾಯಿತು. ಅಂಥ ಬೆಂಚಿನ ಮೇಲೆ ಬಂದು ಕೂರುವವಳ ಎರಡೂ ಕಾಲು ಮೊದಲಿನಿಂದಲೇ ನೆಲದ ಮೇಲಿರಬೇಕು.

ನಿನ್ನ ಬೊಚ್ಚುಬಾಯಿ